ಬಂಡೆಯ ಮೇಲಿನ ತಕರಾರು ಅರ್ಜಿ

ಮಾವನವರು ಫಾದರನ್ನು ಎಲ್ಲರೆದುರು ‘ಎದುರುದಾರರು’ ಎಂದು ಕರೆಯಬಹುದಿತ್ತು. ಫಾದರ್ ಸಿಟ್ಟಿಗೆದ್ದು ಲ್ಯಾಟಿನಿನಲ್ಲಿ ಉತ್ತರ ಕೊಡಬಹುದಿತ್ತು, ಮಾವನವರು ಅದರ ದೃಢೀಕೃತ ಕನ್ನಡ ನಕಲು ಕೇಳಬಹುದಿತ್ತು. ಐಕ್ಯ ಪ್ರಾರ್ಥನೆಗೆಂದು ಬಂದ ಎರಡು ಪಂಗಡದವರು ಎದ್ದು ಬೇರೆಬೇರೆ ಬೆಂಚಿಗೆ ಹೋಗಿ ಕೂಡಬಹುದಿತ್ತು. ಬ್ಯಾಡಗಿಯ ಮೆಣಸಿನಕಾಯಿ ಘಾಟು ಗಂಟಲಿಗೆ ಹೊಡೆದು ಮಾವನವರಿಗೆ ಮೂರನೇ ತಕರಾರಿಗೇ ಕೆಮ್ಮು ಹತ್ತಬಹುದಿತ್ತು. ಆ ಕೆಮ್ಮನ್ನು ಎದುರಿನವರು ಸೋಲು ಎಂದು ತಿಳಿಯಬಹುದಿತ್ತು. ಇತ್ತ ರಾಣೆಬೆನ್ನೂರಿನಲ್ಲಿ ಯಾವುದೋ ಮಠದ ಭಕ್ತರು ನನ್ನ ಪ್ರಿಂಟಿಂಗ್ ಪ್ರೆಸ್ಸಿನ ಮುಂದೆ ಗುಂಪುಗೂಡಬಹುದಿತ್ತು. ನನ್ನಲ್ಲಿ ಪ್ರೂಫ್ ನೋಡುವ ಮಾಸ್ತರು ಚಷ್ಮಾದ ಡಬ್ಬಿ ಕಿಸೆಗೆ ಹಾಕಿಕೊಂಡು ಎದ್ದು ಹೋದವರು ಮತ್ತೆ ಬಾರದಿರಬಹುದಿತ್ತು. ಬಸ್ಸು ಮೋಟೆಬೆನ್ನೂರಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ಕೆಡದೆ ಸರಿಯಾದ ಹೊತ್ತಿಗೆ ಮುಟ್ಟಲೂಬಹುದಿತ್ತು, ಅದು ಇನ್ನೂ ಕೆಟ್ಟದ್ದು.

ಇವನ್ನೆಲ್ಲ ನಾನು ಪ್ರಾರ್ಥನೆಯ ಮುಂಚಿನ ದಿನವೇ, ಹಾಳಾದ ಬೀಜದ ಲೇಬಲ್ಲೊಂದರ ಬೆನ್ನಿಗೆ ಬರೆದಿಟ್ಟಿದ್ದೆ. ಬರೆದಿಟ್ಟ ಅನಾಹುತ ಆಗುವುದಿಲ್ಲ ಎಂಬುದು ನನ್ನ ನಂಬಿಕೆ. ನಮ್ಮ ಸಭೆಯ ಬೋಧನೆಯಲ್ಲಿ ಇದಕ್ಕೆ ಆಧಾರವಿಲ್ಲ, ಹಾಗಾಗಿ ಪಾಸ್ಟರಿಗೆ ಹೇಳಿಲ್ಲ. ಹೆಂಡತಿ ಅದರಲ್ಲಿ ಉಳಿದ ಜಾಗಕ್ಕೆ ಕಿರಾಣಿ ಯಾದಿ ಬರೆದಳು. ‘ಮಾವ, ಮಾಸ್ತರು ಇಬ್ಬರೂ ಜೀವನಪರ್ಯಂತ ಮಾತು ಬಿಡಬಹುದು’ ಎಂಬುದರ ಕೆಳಗೆ ‘ತೊಗರಿಬೇಳೆ ಎರಡು ಕೆ.ಜಿ.’ ಎಂದಿತ್ತು.

ನಾವು ಪ್ರಾಟೆಸ್ಟಂಟರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿನವರನ್ನು ಕೂಡಿಸಿದರೆ ಒಂದು ಸಾಧಾರಣ ಮದುವೆಯ ಊಟಕ್ಕಾಗುವಷ್ಟು ಮಂದಿ. ಕ್ಯಾಥೊಲಿಕರು ಇನ್ನೊಂದು ಮದುವೆಗಾಗುವಷ್ಟು. ಊರಿನ ಉಳಿದವರಿಗೆ ನಾವಿಬ್ಬರೂ ಒಂದೇ, ‘ಕಿರಿಸ್ತಾನರು’. ನಡುವಿನ ಅಂತರ ನಮಗಷ್ಟೇ ಗೊತ್ತು. ಅವರು ಜ್ಞಾನಸ್ನಾನ ಎನ್ನುವುದಕ್ಕೆ ನಾವು ದೀಕ್ಷಾಸ್ನಾನ ಎನ್ನುತ್ತೇವೆ. ನೀರು ಇಬ್ಬರದೂ ತುಂಗಭದ್ರೆಯದೇ. ಆದರೆ ಒಂದು ಅಂತರ ನೀರಿನದಲ್ಲ. ವೇದದ ಮಾತಿಗೆ (ಬೈಬಲ್ಲಿಗೆ ನಮ್ಮ ಹಿರಿಯರು ವೇದ ಎಂದೇ ಅನ್ನುವುದು) ಅರ್ಥ ಹೇಳುವ ಕೊನೆಯ ಅಧಿಕಾರ ತಮ್ಮ ಧರ್ಮಸಭೆಯದು, ಆ ಸಭೆ ಪೋಪರ ಮೂಲಕ ನಿಶ್ಚಯಿಸಿ ಹೇಳಿದ ಅರ್ಥ ತಪ್ಪುವುದಿಲ್ಲ ಎಂದು ಅವರು ಹೇಳುತ್ತಾರೆ. ತಪ್ಪದ ಮನುಷ್ಯನಿಲ್ಲ, ತಪ್ಪದ್ದು ವೇದವೊಂದೇ, ಅದನ್ನು ಯಾರು ಬೇಕಾದರೂ ಓದಿ ತಿಳಿಯಬಹುದು ಎಂದು ನಾವು ಹೇಳುತ್ತೇವೆ. ಹಾಗೆ ಓದಿ ತಿಳಿದೇ ರಾಣೆಬೆನ್ನೂರಿನ ನಮ್ಮ ಒಂದು ಸಭೆ ಮೂರಾಗಿತ್ತು.

ನನ್ನ ಹೆಂಡತಿಯ ತಂದೆ ಹಾವೇರಿಯವರು, ತಹಶೀಲ್ದಾರ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗುವ ಮುಂಚೆ ಚಾವಡಿಗೆ ನೋಟೀಸು ಹಚ್ಚಿ, ಯಾರದಾದರೂ ತಕರಾರು ಇದೆಯೇ ಎಂದು ಕೇಳುವುದು ಪದ್ಧತಿ. ಹಾಗೆ ಬಂದ ತಕರಾರು ಅರ್ಜಿಗಳನ್ನು ಮೂವತ್ತು ವರ್ಷ ಓದಿದವರು ಅವರು. ಅಣ್ಣತಮ್ಮಂದಿರ ತಕರಾರು, ಬದುವಿನ ತಕರಾರು, ಸತ್ತವನು ಸತ್ತೇ ಇಲ್ಲ ಎಂಬ ತಕರಾರು, ಒಮ್ಮೆ ಸತ್ತವನೇ ಖುದ್ದು ಬಂದು ಕೊಟ್ಟ ತಕರಾರು. ಒಂದನ್ನೂ ವಿಚಾರಣೆ ಇಲ್ಲದೆ ವಜಾ ಆಗಲು ಬಿಟ್ಟವರಲ್ಲ. ಅವರ ಸರ್ವಿಸ್ಸಿನಲ್ಲಿ ಅವರು ಹೇಳಿಕೊಳ್ಳುವ ಹೆಮ್ಮೆ ಅದೊಂದೇ.

ಹಿಂದಿನ ವರ್ಷ ರೋಮಿನಲ್ಲಿ ಹೊಸ ಪೋಪರ ಆಯ್ಕೆಯಾದದ್ದನ್ನು ಟೀವಿಯಲ್ಲಿ ತೋರಿಸಿದ್ದರು. ಚಿಮಣಿಯಿಂದ ಬಿಳಿ ಹೊಗೆ ಬಂತು, ಅಲ್ಲಿ ನೆರೆದ ಮಂದಿ ಚಪ್ಪಾಳೆ ಹೊಡೆದರು. ಮಾವನವರು ಹೊಡೆಯಲಿಲ್ಲ.

‘ಹೊಗಿ ನೋಡಿ ವಾರಸಾ ಮಾಡತಾರಲ್ರಿ ಅಳಿಯಂದ್ರ,’ ಎಂದರು. ‘ನೋಟೀಸ ಎಲ್ಲಿ ಹಚ್ಯಾರ? ತಕರಾರ ಯಾರ್ನ ಕೇಳ್ಯಾರ?’

ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ದಾಖಲಿಸುವುದಕ್ಕೆ ನಮ್ಮ ಕಡೆ ವಾರಸಾ ಎನ್ನುತ್ತಾರೆ. ಆ ದಿನದಿಂದ ಮಾವನವರು ಬರೆಯಲು ಕುಳಿತರು. ಮೊದಲು ಬಿಷಪ್ಪರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಮೂರು ಪತ್ರ ಹೋದವು. ಮೂರಕ್ಕೂ ಮುಟ್ಟಿದ ರಸೀತಿ ಬಂತು, ಉತ್ತರ ಬರಲಿಲ್ಲ. ಜನವರಿಯಲ್ಲಿ ಬ್ಯಾಡಗಿಯ ಕ್ಯಾಥೊಲಿಕ್ ಚರ್ಚಿನಲ್ಲಿ ಎರಡೂ ಪಂಗಡದವರ ಐಕ್ಯ ಪ್ರಾರ್ಥನೆ ಇದೆಯೆಂದು ಗೊತ್ತಾದಾಗ, ಅಲ್ಲಿನ ಫಾದರ್ ಕೈಗೇ ಅರ್ಜಿ ಕೊಡುತ್ತೇನೆಂದು ನಿಶ್ಚಯಿಸಿದರು. ಐವತ್ತು ಪ್ರತಿ ಅಚ್ಚು ಹಾಕಿಸುವ ಕೆಲಸ ಅಳಿಯನ ತಲೆಗೆ ಬಂತು. ಐಕ್ಯ ಪ್ರಾರ್ಥನೆಯಲ್ಲಿ ತಕರಾರು ಹಂಚುವುದು ಅಷ್ಟು ಸರಿ ಕಾಣಲಿಕ್ಕಿಲ್ಲ ಎಂದು ನಾನು ಅಳುಕುತ್ತ ಹೇಳಿದೆ.

‘ನನಗ ಎಪ್ಪತ್ತೆಂಟು,’ ಎಂದರು ಮಾವ. ‘ಇದೊಂದ ಫೈಲ ಬಾಕಿ ಐತಿ. ತೀರ್ಪ ನನ್ನ ಕಡೀನ ಆಗಬೇಕಂತ ಇಲ್ರಿ. ಅಧಿಕಾರ ಇರಾವ್ರು ಯಾರಾರ ಒಬ್ರು ಕುಂತು ಕೇಳಿದ್ರ ಸಾಕು. ನಾ ಎಷ್ಟ ಮಂದೀದ ಕೇಳೇನಿ.’

ನಾನು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡೆ. ಅರ್ಜಿ ತಪ್ಪಿಲ್ಲದೆ ಇರಬೇಕು ಎಂದು ಮಾತ್ರ ಹತ್ತು ಸಲ ಹೇಳಿದರು. ಕಚೇರಿಯಲ್ಲಿ ಸರ್ವೇ ನಂಬರು ಒಂದು ತಪ್ಪಿದರೆ ಸಾಕಂತೆ, ಕೇಳುವ ಮನಸ್ಸಿಲ್ಲದ ಅಧಿಕಾರಿಗೆ ಅದೇ ನೆಪ.

ಮೊದಲನೆಯ ಸುವಾರ್ತೆಯಲ್ಲಿ ಯೇಸುಸ್ವಾಮಿ ತಮ್ಮ ಮುಖ್ಯ ಶಿಷ್ಯನನ್ನು ಬಂಡೆಯೆಂದು ಕರೆದು, ಆ ಬಂಡೆಯ ಮೇಲೆ ತಮ್ಮ ಸಭೆಯನ್ನು ಕಟ್ಟುವ ಮಾತಾಡುತ್ತಾರೆ. ಪೋಪರ ಅಧಿಕಾರಕ್ಕೆ ಕ್ಯಾಥೊಲಿಕರು ತೋರಿಸುವ ಮೂಲ ದಾಖಲೆ ಅದೇ. ಮಾವನವರು ಹಿಡಿದದ್ದೂ ಅದನ್ನೇ, ತಮಗೆ ಬರುತ್ತಿದ್ದ ಒಂದೇ ಬಗೆಯ ಕನ್ನಡದಲ್ಲಿ. ‘ಸದರಿ ಬಂಡೆಯೆಂದರೆ ಸದರಿ ಶಿಷ್ಯನೋ, ಸದರಿ ಶಿಷ್ಯನ ನಂಬಿಕೆಯೋ ಎಂಬ ಬಗ್ಗೆ ಚಕ್ಕುಬಂದಿ ಸ್ಪಷ್ಟವಿರುವುದಿಲ್ಲ’, ಎಂದರೆ ನಾಲ್ಕು ಗಡಿಯ ಗುರುತಿಲ್ಲ, ಎಂಬುದು ಮೊದಲನೆಯ ತಕರಾರು. ಶಿಷ್ಯನ ಹೆಸರಿಗೇ ಇದೆಯೆಂದು ವಾದಕ್ಕೆ ಒಪ್ಪಿದರೂ, ‘ಸದರಿಯವರ ಮರಣಾನಂತರ ರೋಮಿನ ಬಿಷಪ್ಪರ ಹೆಸರಿಗೆ ವಾರಸಾ ಆದ ಬಗ್ಗೆ ಯಾವುದೇ ದಾಖಲೆ ಹಾಜರುಪಡಿಸಿರುವುದಿಲ್ಲ’ ಎಂಬುದು ಎರಡನೆಯದು. ಅದೇ ಶಿಷ್ಯ ಮುಂದೆ ಊಟದ ಪಂಕ್ತಿಯ ವಿಷಯದಲ್ಲಿ ತಪ್ಪು ನಡೆದು, ಜೊತೆಗಾರನಿಂದ ಎಲ್ಲರೆದುರು ಬೈಸಿಕೊಂಡದ್ದು ವೇದದಲ್ಲೇ ಇದೆ. ‘ಮೂಲ ಹಕ್ಕುದಾರನಿಗೇ ಇಲ್ಲದ ಗುಣವು ವಾರಸುದಾರನಿಗೆ ಬರತಕ್ಕದ್ದಲ್ಲ’, ಇದು ಮೂರು. ನಾಲ್ಕನೆಯದನ್ನು ಓದಿ ನನಗೇ ಹೆಮ್ಮೆಯಾಯಿತು. ವೇದದ ಅರ್ಥ ತಪ್ಪದೆ ಹೇಳುವ ಅಧಿಕಾರ ತಮಗಿದೆಯೆಂದು ವೇದವೇ ಹೇಳುತ್ತದೆ ಎನ್ನುತ್ತಾರೆ, ವೇದ ಹಾಗೆ ಹೇಳುತ್ತದೆ ಎಂದು ಅರ್ಥ ಮಾಡಿದವರೂ ತಾವೇ. ‘ಅರ್ಜಿದಾರನೇ ಸಾಕ್ಷಿದಾರನೂ ಅವನೇ ತಹಶೀಲ್ದಾರನೂ ಆಗಿರುವುದು ನಿಯಮಬಾಹಿರವಾಗಿರುತ್ತದೆ.’ ಐದನೆಯದು ಸ್ವಲ್ಪ ಮೇಲಕ್ಕೇರಿ, ಜಪೋಪವಾಸಗಳಿಂದ ಬುದ್ಧಿ ಶುದ್ಧವಾದೀತೇ ಹೊರತು ದೋಷಮುಕ್ತವಾಗದು ಎಂದಿತ್ತು. ಒಟ್ಟು ಒಂಬತ್ತು.

ಈಗ ಮಾಸ್ತರ ವಿಷಯ. ನನ್ನ ಪ್ರೆಸ್ಸಿನಲ್ಲಿ ಬೀಜದ ಲೇಬಲ್ಲು, ಮದುವೆ ಪತ್ರಿಕೆ, ಮಠಗಳ ಪುರಾಣ ಪ್ರವಚನದ ಹ್ಯಾಂಡ್‌ಬಿಲ್ಲು ಎಲ್ಲಕ್ಕೂ ಪ್ರೂಫ್ ನೋಡುವವರು ಅವರೊಬ್ಬರೇ. ಬ್ಯಾಡಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬರುತ್ತಿದ್ದರು. ಅವರು ಬರುವ ಮುಂಚೆ ನಾನೇ ಪ್ರೂಫ್ ನೋಡುತ್ತಿದ್ದ ಕಾಲದಲ್ಲಿ ಒಂದು ಮದುವೆ ಪತ್ರಿಕೆಯಲ್ಲಿ ವಧುವಿನ ಜಾಗಕ್ಕೆ ಅತ್ತೆಯ ಹೆಸರು ಕೂತಿತ್ತು. ಮಾಸ್ತರು ಬಂದ ಮೇಲೆ ಒಂದು ಹಾಳೆಯೂ ಮರಳಿ ಬಂದಿಲ್ಲ. ಹಾಳೆಯ ಕೆಳಮೂಲೆಯಲ್ಲಿ ಪೆನ್ಸಿಲಿನಿಂದ ‘ಸರಿ’ ಎಂದು ಬರೆದು ಅಡಿಗೆರೆ ಎಳೆದರೆಂದರೆ ಅದು ಮಷೀನಿಗೆ ಹೋಗಬಹುದು. ಮಾಸ್ತರು ಕ್ಯಾಥೊಲಿಕರು.

ಮಾವನವರಿಗೆ ಇದು ಗೊತ್ತಿರಲಿಲ್ಲ. ಅವರು ಮಾಸ್ತರ ಮುಖವನ್ನೇ ಕಂಡಿರಲಿಲ್ಲ. ನಾನು ಹಾವೇರಿಗೆ ಒಯ್ಯುತ್ತಿದ್ದ ಪ್ರೂಫುಗಳ ಮೇಲಿನ ಪೆನ್ಸಿಲ್ ಗುರುತುಗಳಷ್ಟೇ ಪರಿಚಯ. ಆ ಗುರುತುಗಳಿಗೆ ಮಾರುಹೋಗಿದ್ದರು. ನಾನೂ ಹೇಳಲು ಹೋಗಲಿಲ್ಲ. ಹೇಳಿದರೆ ಇವರು ಪ್ರೂಫ್ ಬೇರೆಯವರಿಗೆ ಕೊಡು ಎನ್ನಬಹುದು, ಬೇರೆಯವರೆಂದರೆ ನಾನೇ.

ಇತ್ತ ಮಾಸ್ತರಿಗೆ ಎಲ್ಲ ಗೊತ್ತಿತ್ತು. ಅರ್ಜಿಯನ್ನು ಅವರ ಕೈಗೆ ಕೊಟ್ಟು ನಾನು ಮಷೀನಿನ ಹಿಂದೆ ನಿಂತೆ. ಅವರು ಮುಖದ ಗೆರೆ ಬದಲಿಸದೆ ಓದಿದರು, ಅಲ್ಪಪ್ರಾಣ ಮಹಾಪ್ರಾಣ ತಿದ್ದಿದರು, ಅಂಚಿನಲ್ಲಿ ಟಿಪ್ಪಣಿ ಬರೆದರು. ಎರಡನೇ ತಕರಾರಿನ ಬದಿಗೆ: ‘ವಾದ ದುರ್ಬಲ. ವ್ಯಾಕರಣ ಸರಿ.’ ನಾಲ್ಕನೆಯದರ ಬದಿಗೆ: ‘ವಾದ ಗಟ್ಟಿ. ಒತ್ತಕ್ಷರ ನೋಡಿಕೊಳ್ಳಿ.’ ಹಾವೇರಿಗೆ ಹೋಗುವ ಬಸ್ಸಿನಲ್ಲಿ ನಾನು ರಬ್ಬರಿನಿಂದ ವಾದದ ಭಾಗವನ್ನು ಅಳಿಸಿ ವ್ಯಾಕರಣದ ಭಾಗವನ್ನು ಉಳಿಸಿಕೊಳ್ಳುತ್ತಿದ್ದೆ.

‘ನಿಮ್ಮ ಮಾವಾರಿಗೆ ಒಂದ ಮಾತ ಕೇಳ್ರಿ,’ ಎಂದು ಮಾಸ್ತರು ಒಂದು ದಿನ ಚಾ ಕುಡಿಯುತ್ತ ಹೇಳಿದರು. ‘ಎಲ್ಲಾರೂ ತಮತಮಗ ತಿಳದಂಗ ಅರ್ಥ ಮಾಡಬೇಕಂದ್ರ, ಮನಿಗೊಬ್ಬ ತಹಶೀಲ್ದಾರ ಆದಂಗ ಆತಲ್ರಿ. ಆಮ್ಯಾಲ ಊರಾಗ ಬದುವ ಉಳೀತಾವೇನು?’

ನಾನು ಕೇಳಲಿಲ್ಲ. ಆದರೆ ಆ ಎರಡು ವಾರ ಇಬ್ಬರ ನಡುವೆ ಓಡಾಡುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಯಾರ ಮಾತನ್ನೂ ತಪ್ಪದ್ದೆಂದು ಒಪ್ಪಬಾರದು, ಪ್ರತಿಯೊಬ್ಬನೂ ತಾನೇ ಓದಿ ನೋಡಬೇಕು ಎಂಬ ಮಾವನವರು, ಮೊದಲ ಸಲದ ಗುರುತು ಕಂಡ ಮೇಲೆ ಪ್ರೂಫನ್ನು ಮಾತ್ರ ಬಿಚ್ಚಿಯೂ ನೋಡುತ್ತಿರಲಿಲ್ಲ. ‘ಮಾಸ್ತರು ನೋಡ್ಯಾರಲ್ಲ, ಮತ್ಯಾಕ?’ ಎಂದು ಸಹಿ ಹಾಕಿ ಕೊಡುತ್ತಿದ್ದರು. ತಪ್ಪದ ಅಧಿಕಾರವೊಂದು ಭೂಮಿಯ ಮೇಲಿದೆ ಎಂದು ನಂಬಿದ ಮಾಸ್ತರೋ ನಿಘಂಟನ್ನೂ ನಂಬುತ್ತಿರಲಿಲ್ಲ, ಎರಡು ನಿಘಂಟು ತೆಗೆದು ಒಂದರಿಂದ ಇನ್ನೊಂದನ್ನು ತಿದ್ದುತ್ತಿದ್ದರು. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೆಂಡತಿಗೆ ಹೇಳಿದೆ. ಅವಳು, ನೀವು ಇಬ್ಬರನ್ನೂ ನಂಬೂದಿಲ್ಲ, ನಿಮ್ಮನ್ನೂ ನೀವು ನಂಬೂದಿಲ್ಲ, ನಿಮ್ಮದು ಯಾವ ಪಂಗಡ ಎಂದು ಕೇಳಿದಳು.

ಮೂರನೇ ಪ್ರೂಫಿನಲ್ಲಿ ಆಪತ್ತು ಬಂತು. ‘ಪೋಪ’ ಎಂಬುದು ಮಾಸ್ತರ ಕಣ್ಣಿಗೆ ಕಸದಂತೆ ಕುತ್ತುತ್ತಿತ್ತು. ಅದು ಕನ್ನಡವಲ್ಲ, ಗೌರವವೂ ಅಲ್ಲ. ಕ್ಯಾಥೊಲಿಕರ ಕನ್ನಡದಲ್ಲಿ ಅವರಿಗೆ ‘ಜಗದ್ಗುರುಗಳು’ ಎನ್ನುತ್ತಾರೆ. ವಿರೋಧ ಮಾಡುವವರೂ ಸರಿಯಾದ ಶಬ್ದದಿಂದ ವಿರೋಧಿಸಬೇಕು ಎಂದು ಎಲ್ಲ ಕಡೆ ಸುತ್ತು ಹಾಕಿ ಬದಲಿಸಿದರು. ನಮ್ಮ ಟೈಪಿಂಗ್ ಅಕ್ಕಾರು ಹಿಂದೆ ಸೀಸದ ಮೊಳೆ ಜೋಡಿಸುತ್ತಿದ್ದವರು, ಕಂಪ್ಯೂಟರು ಬಂದ ಮೇಲೆ ಅದರಲ್ಲಿ ಒಂದು ಶಬ್ದವನ್ನು ಎಲ್ಲ ಕಡೆ ಒಮ್ಮೆಲೇ ಬದಲಿಸುವ ಸೌಕರ್ಯ ಇರುವುದನ್ನು ಕಂಡು, ಅದನ್ನು ಬಳಸುವ ಅವಕಾಶಕ್ಕೆ ಕಾಯುತ್ತಿದ್ದವರು. ಒತ್ತಿಬಿಟ್ಟರು.

ಜಗದ್ಗುರುಗಳ ವ್ಯಾಖ್ಯಾನ ತಪ್ಪದ್ದು ಎಂಬುದಕ್ಕೆ ಆಧಾರವಿಲ್ಲ, ಜಗದ್ಗುರುಗಳ ವಾರಸಾ ಸಂಶಯಾಸ್ಪದ. ಹೀಗೆಲ್ಲ ಇದ್ದ ಹಾಳೆ ನನ್ನ ಕೌಂಟರಿನ ಮೇಲೆ ಬಿದ್ದಿತ್ತು. ನಮ್ಮ ಜಿಲ್ಲೆಯಲ್ಲಿ ಎಷ್ಟು ಮಠಗಳಿವೆ ಎಂದು ಗೊತ್ತಿದ್ದವರಿಗೆ ನನ್ನ ಸ್ಥಿತಿ ಅರ್ಥವಾದೀತು. ನನ್ನಲ್ಲಿ ಅಚ್ಚಾಗುವ ಮೂರು ಹ್ಯಾಂಡ್‌ಬಿಲ್ಲಿನಲ್ಲಿ ಒಂದು ಯಾವುದಾದರೂ ಜಗದ್ಗುರುಗಳ ದಿವ್ಯ ಸಾನ್ನಿಧ್ಯದ್ದೇ. ಆ ಹೊತ್ತಿಗೇ ಮಠವೊಂದರ ಸಮಿತಿಯವರಾದ ಬೀಜದ ವ್ಯಾಪಾರಿಯೊಬ್ಬರು, ಹ್ಯಾಂಡ್‌ಬಿಲ್ಲು ನೋಡಲು ಬಂದವರು ಈ ಹಾಳೆಯನ್ನು ಎತ್ತಿಕೊಂಡರು. ತುಟಿ ಅಲ್ಲಾಡಿಸುತ್ತ ಪೂರ್ತಿ ಓದಿದರು. ನಾನು ಹಿತ್ತಲ ಬಾಗಿಲಿನಿಂದ ಸ್ಟೇಷನ್ನಿಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತಿದ್ದೆ.

‘ಯಾವ ಊರಿನ ಕಲ್ಲಬಂಡಿರಿ ಇದು?’ ಎಂದರು ವ್ಯಾಪಾರಿ.

‘ದೂರದ್ದರಿ.’

‘ಕ್ವಾರಿ ಮಾಡ್ಯಾರೇನು?’

‘ಇಲ್ರಿ. ಮ್ಯಾಲ ಕಟ್ಟಡ ಕಟ್ಯಾರ.’

‘ಎಷ್ಟ ವರ್ಷಾತು ಕಬ್ಜಾದಾಗ ಇಟಗೊಂಡು?’

‘ಎರಡ ಸಾವಿರರಿ,’ ಎಂದೆ, ನನ್ನ ದನಿ ನನಗೇ ಕೇಳಿಸದಂತೆ.

‘ಎರಡ ಸಾವಿರನೇ ಇಸ್ವಿ ಅಂದ್ರ ಐದಾರ ವರ್ಷ ಆತು. ಸಾಲಂಗಿಲ್ರಿ, ಕಬ್ಜಾ ಹಕ್ಕ ಬರಾಕ ಹನ್ನೆರಡರ ಆಗಬೇಕು,’ ಎಂದು ಅವರು ಹಾಳೆ ಕೆಳಗಿಟ್ಟರು. ತಮ್ಮದೂ ಅಂಥದೇ ಒಂದು ಕೇಸು ನಡೆದಿದೆಯೆಂದರು. ಹೋಗುವಾಗ ತಿರುಗಿ, ಈ ಜಗದ್ಗುರುಗಳು ಯಾವ ಮಠದವರು ಎಂದು ಕೇಳಿದರು. ಪರದೇಶದವರು ಎಂದೆ. ಅಲ್ಲಿಯೂ ಮಠಗಳಾದವಲ್ಲ ಎಂದು ಅವರಿಗೆ ಬಹಳ ಸಂತೋಷವಾಯಿತು.

ನಾನು ಅಂದೇ ಮಾಸ್ತರ ಮುಂದೆ ಕೈ ಜೋಡಿಸಿ, ದಯವಿಟ್ಟು ಪೋಪರನ್ನೇ ಇಟ್ಟುಕೊಳ್ಳೋಣ ಎಂದು ಬೇಡಿಕೊಂಡೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿ ಹಾಳೆಯನ್ನು ಇನ್ನೊಮ್ಮೆ ತೆಗೆದುಕೊಂಡರು. ಐದನೇ ತಕರಾರಿನ ಹತ್ತಿರ ಬಂದು ಪೆನ್ಸಿಲು ನಿಂತಿತು. ಎರಡು ನಿಮಿಷ ನೋಡಿದರು.

‘ಅಕ್ಕಾರ,’ ಎಂದರು ಕೊನೆಗೆ, ‘ಇದು ಯಾವ ಸಂಧಿರಿ?’

ಕಂಪ್ಯೂಟರು ಹೇಳಿದ ಹಾಗೆ ಕೇಳಿತ್ತು. ಜಪೋಪವಾಸದ ಹೊಟ್ಟೆಯೊಳಗೂ ಒಬ್ಬ ಪೋಪ ಕುಳಿತದ್ದನ್ನು ಹುಡುಕಿ ತೆಗೆದು, ‘ಜಜಗದ್ಗುರುವಾಸಗಳಿಂದ ಬುದ್ಧಿ ಶುದ್ಧವಾದೀತು’ ಎಂದು ಮಾಡಿಟ್ಟಿತ್ತು. ಅಕ್ಕಾರು ತಪ್ಪು ತಮ್ಮದಲ್ಲ, ಅಷ್ಟು ಜಪೋಪವಾಸ ಮಾಡುವವರದು ಎಂದರು.

ಶುಕ್ರವಾರ ಸಂಜೆ ಮಾಸ್ತರು ಕೊನೆಯ ಪ್ರೂಫಿನ ಮೂಲೆಗೆ ‘ಸರಿ’ ಎಂದು ಬರೆದು ಅಡಿಗೆರೆ ಎಳೆದು ಬಸ್ಸು ಹಿಡಿದರು. ಶನಿವಾರ ಐವತ್ತು ಪ್ರತಿ ಅಚ್ಚಾದವು. ಭಾನುವಾರ ನಾನು ಹಾವೇರಿಗೆ ಹೋಗಿ ಮಾವನವರನ್ನು ಕರೆದುಕೊಂಡು ಬ್ಯಾಡಗಿಯ ಬಸ್ಸು ಹತ್ತಿದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಪ್ರತಿಗಳನ್ನು ಕೆಂಪು ದಾರದಲ್ಲಿ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಸ್ಸು ಕೆಡಲಿಲ್ಲ. ಪೇಟೆಗೆ ಸೂಟಿ ಇದ್ದರೂ ಊರ ಗಾಳಿಯಲ್ಲಿ ಮೆಣಸಿನಕಾಯಿ ಇದ್ದೇ ಇತ್ತು. ಬಸ್ಸಿನಲ್ಲಿ ಎಲ್ಲರೂ ಸೀನಿದರು, ಮಾವನವರೊಬ್ಬರನ್ನು ಬಿಟ್ಟು.

ಪ್ರಾರ್ಥನೆ ಚೆನ್ನಾಗಿಯೇ ನಡೆಯಿತು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಕೂಡಿ ಹೇಳುವಾಗ ಕ್ಯಾಥೊಲಿಕರು ತಮ್ಮ ಪದ್ಧತಿಯಂತೆ ಒಂದು ಸಾಲು ಮೊದಲೇ ನಿಲ್ಲಿಸಿದರು. ನಾವು ನಮ್ಮ ಪದ್ಧತಿಯಂತೆ ಮುಂದುವರಿದು, ನಾವಷ್ಟೇ ಉಳಿದದ್ದು ತಿಳಿದು, ದನಿ ಸಣ್ಣ ಮಾಡಿ ಹೇಗೋ ಮುಗಿಸಿದೆವು. ಅದನ್ನು ಬಿಟ್ಟರೆ ಐಕ್ಯತೆಗೆ ಧಕ್ಕೆ ಬರಲಿಲ್ಲ.

ಆಮೇಲೆ ಫಾದರ್ ಅವರ ವರಾಂಡದಲ್ಲಿ ಚಾ, ಕರ್ಜಿಕಾಯಿ. ಫಾದರ್ ಮಂಗಳೂರ ಕಡೆಯವರು, ನಲವತ್ತರ ಒಳಗಿನವರು, ಬ್ಯಾಡಗಿಗೆ ಬಂದು ವರ್ಷವಾಗಿರಲಿಲ್ಲ. ಮಾವನವರು ಎದುರು ನಿಂತು ಅರ್ಜಿ ಕೊಟ್ಟರು. ಎದುರುದಾರ ಎನ್ನಲಿಲ್ಲ. ‘ಕೇಳೂದಿದ್ರ ಒಂದ ಸ್ವೀಕೃತಿ ಕೊಡ್ರಿ,’ ಎಂದಷ್ಟೇ ಹೇಳಿದರು. ನಾನು ಕರ್ಜಿಕಾಯಿಯನ್ನು ಬಾಯಲ್ಲಿಟ್ಟುಕೊಂಡು ಜಗಿಯುವುದನ್ನು ಮರೆತಿದ್ದೆ.

ಫಾದರ್ ಮೊದಲ ಪುಟ ನಿಂತೇ ಓದಿದರು. ಆಮೇಲೆ ಒಳಗೆ ಹೋಗಿ ಚರ್ಚಿನ ಮುದ್ರೆ ತಂದು, ಮಾವನವರ ಪ್ರತಿಯ ಮೇಲೆ ಒತ್ತಿ, ಸಹಿ ಹಾಕಿ, ತಾರೀಖು ಬರೆದರು. ‘ಕುಳಿತುಕೊಳ್ಳಿ ಹಿರಿಯರೇ. ಇದು ನಿಂತು ಓದುವಂಥದ್ದಲ್ಲ,’ ಎಂದು ಎರಡು ಕುರ್ಚಿ ಎಳೆದರು. ಮಾವನವರು ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿ ಫೈಲಿಗೆ ಸೇರಿಸಿದರು.

ಎರಡನೇ ತಕರಾರಿಗೆ ಫಾದರ್ ಹುಬ್ಬು ಗಂಟಾಯಿತು. ಚಕ್ಕುಬಂದಿ, ವಾರಸಾ, ಇವು ಅವರ ಕಡೆಯ ಮಾತುಗಳಲ್ಲ. ಅಂಗಳದಲ್ಲಿ ಚಾ ಕುಡಿಯುತ್ತಿದ್ದ ಮಾಸ್ತರನ್ನು ಕರೆದು, ಸ್ವಲ್ಪ ಅರ್ಥ ಹೇಳಿಕೊಡಿ ಎಂದು ಪಕ್ಕಕ್ಕೆ ಕೂಡಿಸಿಕೊಂಡರು. ಪ್ರೂಫ್ ನೋಡಿದವರು ಇವರೇ ಎಂದು ನಾನು ನೆಲ ನೋಡುತ್ತ ಹೇಳಿದೆ. ಮಾವನವರು ಕ್ಯಾಥೊಲಿಕರ ನಡುವಿನಿಂದ ಎದ್ದು ಬಂದ ಆ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

‘ನೀವ ಏನ್ರಿ ಮಾಸ್ತರ,’ ಎಂದರು. ‘ಎಷ್ಟ ಚಂದ ತಿದ್ದೀರಿ.’

ಇಬ್ಬರೂ ಕೈ ಹಿಡಿದುಕೊಂಡರು. ಇಷ್ಟಕ್ಕೆ ನಾನು ಎರಡು ವಾರ ರಬ್ಬರು ಸವೆಸಿದ್ದೆ.

‘ಓದಿದವರಿಗೆ ತಿಳಿಯೂವಂಗ ಬರದೇನ್ರಿ,’ ಎಂದು ಮಾವನವರು ಫಾದರ್ ಕಡೆ ತಿರುಗಿ ಸ್ವಲ್ಪ ನೊಂದುಕೊಂಡೇ ಹೇಳಿದರು.

‘ಓದಿದೆ, ಬರೆದದ್ದು ಸ್ಪಷ್ಟ ಉಂಟು,’ ಎಂದರು ಫಾದರ್. ‘ಆದರೂ ಅರ್ಥ ಹೇಳುವವರು ಒಬ್ಬರು ಬೇಕಾಯಿತು ನೋಡಿ.’

ಅದು ಭಾಷೆಯ ಪ್ರಶ್ನೆ, ಅಧಿಕಾರದ್ದಲ್ಲ ಎಂದು ಮಾವನವರು ಹೇಳಿದರೂ, ಕಿಸೆಯಿಂದ ಪೆನ್ನು ತೆಗೆದು ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು.

ವಿಚಾರಣೆ ಒಂದು ತಾಸಿನ ಮೇಲೆ ನಡೆಯಿತು. ಪೋಪರ ಎಲ್ಲ ಮಾತೂ ತಪ್ಪದ್ದೆಂದು ತಾವು ಹೇಳುವುದಿಲ್ಲ, ನಂಬಿಕೆಯ ವಿಷಯದಲ್ಲಿ ಇಡೀ ಸಭೆಗೆ ನಿಶ್ಚಯಿಸಿ ಹೇಳಿದ್ದು ಮಾತ್ರ, ಅದೂ ಅಪರೂಪಕ್ಕೆ ಎಂದರು ಫಾದರ್. ಇವತ್ತಿನ ಚಾ ಹೇಗಿದೆ ಎಂಬುದರಲ್ಲಿ ಅವರೂ ತಪ್ಪಬಹುದು. ಊಟದ ಪಂಕ್ತಿಯಲ್ಲಿ ಆ ಶಿಷ್ಯ ತಪ್ಪಿದ್ದು ನಡತೆಯಲ್ಲಿ, ಬೋಧನೆಯಲ್ಲಿ ಅಲ್ಲ ಎಂದರು. ತಹಶೀಲ್ದಾರರು ಮನೆಯಲ್ಲಿ ತಪ್ಪು ಮಾಡಿದರೂ ಕಚೇರಿಯ ಸಹಿ ನಡೆಯುತ್ತದೆ ಎಂದ ಹಾಗಾಯಿತು ಎಂದು ಮಾವನವರು ಒಪ್ಪಿ, ಆದರೆ ನಮ್ಮಲ್ಲಿ ಆ ಸಹಿಯ ಮೇಲೆ ಅಪೀಲು ಇರುತ್ತದೆ, ನಿಮ್ಮಲ್ಲಿ ಎಲ್ಲಿದೆ ಎಂದರು. ಫಾದರ್ ಚಾ ಕುಡಿದರು. ಆಮೇಲೆ ತಾವೂ ಒಂದು ಕೇಳಿದರು: ವೇದದಲ್ಲಿ ಯಾವ ಯಾವ ಪುಸ್ತಕ ಸೇರಬೇಕೆಂಬ ಯಾದಿ ವೇದದೊಳಗೆ ಎಲ್ಲಿಯೂ ಇಲ್ಲ. ತಮ್ಮಲ್ಲಿ ಏಳು ಪುಸ್ತಕ ಹೆಚ್ಚು, ನಿಮ್ಮಲ್ಲಿ ಕಡಿಮೆ. ಯಾದಿ ಮಾಡಿದವರು ತಪ್ಪಿದ್ದರೆ? ಮಾಸ್ತರು ಅದನ್ನು, ‘ಉತಾರ ಬರದಾವ ಯಾರಂತ ಕೇಳಾಕತ್ತಾರ್ರಿ,’ ಎಂದು ಪಹಣಿಯ ಮಾತಿಗೆ ಭಾಷಾಂತರಿಸಿದರು. ಮಾವನವರು ಇದನ್ನೂ ಬರೆದುಕೊಂಡರು, ಈ ಸಲ ಬಹಳ ಹೊತ್ತು. ನಾಲ್ಕನೇ ತಕರಾರಿಗೆ ಬಂದಾಗ, ಇದಕ್ಕೆ ಬಾಯಿಮಾತಿನ ಉತ್ತರ ಸಾಲದು, ಬರೆದೇ ಕೊಡುತ್ತೇನೆ ಎಂದರು ಫಾದರ್. ಮಾವನವರ ಮುಖದಲ್ಲಿ ನಾನು ಅಂಥ ಕಳೆಯನ್ನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ.

ಬಸ್ಸು ಸರಿಯಾದ ಹೊತ್ತಿಗೆ ಮುಟ್ಟಿದ್ದೊಂದನ್ನು ಬಿಟ್ಟರೆ ನನ್ನ ಯಾದಿಯಲ್ಲಿದ್ದದ್ದು ಒಂದೂ ಆಗಿರಲಿಲ್ಲ. ಇನ್ನೊಂದು ಕರ್ಜಿಕಾಯಿ ತೆಗೆದುಕೊಂಡೆ.

ಫಾದರ್ ಬರೆದು ಕೊಡುವುದಕ್ಕೆಂದು ಮೊದಲ ಪುಟದ ಉಲ್ಲೇಖ ನೋಡಿಕೊಳ್ಳುತ್ತಿದ್ದರು. ಬೆರಳು ಒಂದು ಕಡೆ ನಿಂತಿತು.

‘ಹಿರಿಯರೇ, ಬಂಡೆಯ ಮಾತು ಸುವಾರ್ತೆಯ ಅರವತ್ತೊಂದನೇ ಅಧ್ಯಾಯದಲ್ಲಿ ಎಂದುಂಟು ಇಲ್ಲಿ. ನಮ್ಮಲ್ಲಿ ಪುಸ್ತಕ ಹೆಚ್ಚು ಹೌದು. ಆದರೆ ಈ ಸುವಾರ್ತೆ ನಮ್ಮಲ್ಲಿಯೂ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ.’

ಇರಬೇಕಾದದ್ದು ಹದಿನಾರು. ಮಾವನವರು ಹಾಳೆ ಇಸಿದುಕೊಂಡು ನೋಡಿದರು. ಸರ್ವೇ ನಂಬರು ತಪ್ಪಿದ ಅರ್ಜಿ.

‘ಇದು ಆಗಾಕ ಸಾಧ್ಯ ಇಲ್ಲ,’ ಎಂದರು. ‘ಮಾಸ್ತರು ನೋಡ್ಯಾರ. ಮಾಸ್ತರು ಸರಿ ಅಂತ ಬರದ ಮ್ಯಾಲ ಅದರಾಗ ತಪ್ಪು ಇರಂಗಿಲ್ಲ.’

ಫಾದರ್ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ‘ಇರುವುದೇ ಇಲ್ಲವಾ?’

‘ಇಲ್ಲ,’ ಎಂದರು ಮಾವ. ಎಂದ ಮೇಲೆ ತಾವು ಎಂದದ್ದು ಅವರಿಗೆ ಕೇಳಿಸಿತು.

ಮಾಸ್ತರು ಚಷ್ಮಾ ತೆಗೆದು ಒರೆಸಿಕೊಂಡು, ತಮ್ಮ ಕಣ್ಣು ತಪ್ಪಿರಬೇಕು, ವಯಸ್ಸಾಯಿತು ಎಂದು ಸಣ್ಣ ದನಿಯಲ್ಲಿ ಶುರುಮಾಡಿದರು. ಅದನ್ನು ಕೇಳಿಸಿಕೊಳ್ಳಲು ನನ್ನಿಂದಾಗಲಿಲ್ಲ. ಹೇಳಿದೆ. ಶುಕ್ರವಾರ ಮಾಸ್ತರು ಬಸ್ಸು ಹತ್ತಿದ ಮೇಲೆ ನಾನು ಕಂಪ್ಯೂಟರಿನಲ್ಲಿ ಅರ್ಜಿಯನ್ನು ಇನ್ನೊಮ್ಮೆ ತೆರೆದಿದ್ದೆ. ಎಲ್ಲ ಅಂಕಿ ಕನ್ನಡದಲ್ಲಿ ಇರುವಾಗ ಒಂದು ಮಾತ್ರ ಇಂಗ್ಲಿಷಿನಂತೆ ಕಂಡಿತು. ತಿದ್ದಿದೆ. ತಿದ್ದಿದ್ದು ಸರಿಯಿದೆಯೋ ಇಲ್ಲವೋ ಎಂದು ಮತ್ತೆ ತೆರೆದೆ. ಮೂರನೆಯ ಸಲ ತೆರೆದಾಗ ಏನು ಮಾಡಿದೆನೋ ನೆನಪಿಲ್ಲ.

‘ನಾ ಸರಿ ಅಂತ ಬರದಿದ್ನಿಲ್ಲ?’ ಎಂದರು ಮಾಸ್ತರು.

‘ಬರದಿದ್ರಿ.’

‘ಮತ್ಯಾಕ ತಗದ್ರಿ?’

‘ತಪ್ಪ ಇದ್ರ ಅಂತ,’ ಎಂದೆ.

ಇಂಥ ಅರ್ಜಿಗೆ ಕಚೇರಿಯಲ್ಲಿ ಏನು ಮಾಡುತ್ತಾರೆ ಎಂದು ಫಾದರ್ ಕೇಳಿದರು. ಮಾವನವರು ತಲೆ ಎತ್ತಲಿಲ್ಲ. ಕೇಳುವ ಮನಸ್ಸಿಲ್ಲದವರು ವಜಾ ಮಾಡುತ್ತಾರೆ, ಇದ್ದವರು ಅಲ್ಲಿಯೇ ತಿದ್ದಿಸಿ ಚಿಕ್ಕಸಹಿ ಹಾಕಿಸಿಕೊಳ್ಳುತ್ತಾರೆ ಎಂದರು. ಫಾದರ್ ಕಿಸೆಯಿಂದ ಪೆನ್ನು ತೆಗೆದರು.

ಐವತ್ತು ಪ್ರತಿಗಳನ್ನು ಮೂವರೂ ಹಂಚಿಕೊಂಡರು. ಒಬ್ಬರು ಹೊಡೆದು ಹಾಕುವುದು, ಒಬ್ಬರು ಮೇಲೆ ಹದಿನಾರು ಎಂದು ಬರೆಯುವುದು, ಒಬ್ಬರು ಚಿಕ್ಕಸಹಿ ಹಾಕುವುದು. ನಾನೂ ನೆರವಾಗೋಣವೆಂದು ಕೈ ಚಾಚಿದೆ. ಮಾವನವರು ನನ್ನ ಕೈಗೆ ಕರ್ಜಿಕಾಯಿಯ ತಾಟು ಕೊಟ್ಟರು.